ಉಪ್ಪಿನ ಬಟ್ಟಲು

ಅವೇರೊದ ಉಪ್ಪಿನ ಗದ್ದೆಗಳಾಚೆ, ಕಾಲುವೆಯ ದಂಡೆಗೆ
ನಮ್ಮ ಪಿಂಗಾಣಿ ಕಾರ್ಖಾನೆ.
ಆವಿಗೆಯ ಬೆಂಕಿ ನನ್ನ ಪಾಲು, ಗೆರೆ ದೆಯೊಲಿಂಡಳ ಪಾಲು.
ಅವಳು ಬರೆದದ್ದನ್ನು ನಾನು ಸುಡುತ್ತೇನೆ,
ಹೀಗೇ ಹದಿನೇಳು ವರ್ಷ.

ಅವಳ ಮೊದಲ ಉಪ್ಪುದಾನಿ ಮೊಟ್ಟೆಯಂತಿತ್ತು,
ನೆತ್ತಿಯಲ್ಲಿ ಒಂದೇ ತೂತು.
ಮುಟ್ಟಿದರೆ ಮಾಸೀತೆಂದು ಕೈ ತೊಳೆದುಕೊಂಡು ನೋಡಿದೆವು.
ಪೋರ್ಟೊದಿಂದ ಬಂದ ತೀರ್ಪುಗಾರರು
ಮೌನ ಎಂದರು, ಸಂಯಮ ಎಂದರು;
ಒಬ್ಬರೂ ಉಪ್ಪು ಉದುರಿಸಿ ನೋಡಲಿಲ್ಲ.

ನಾನೊಂದನ್ನು ಒಯ್ದು ಫೆಲಿಸ್ಮೀನಜ್ಜಿಯ ಊಟದಂಗಡಿಯಲ್ಲಿಟ್ಟೆ.
ಮೂರನೆಯ ದಿನ, ಕಡಲ ತೇವಕ್ಕೆ ಉಪ್ಪು ಗಂಟುಕಟ್ಟಿತು.
ಅಜ್ಜಿ ನಾಲ್ಕು ಅಕ್ಕಿಕಾಳು ಹಾಕಿದಳು,
ತೂತಿಗೆ ಕಾಳೇ ಸಿಕ್ಕಿಕೊಂಡಿತು.
ಮೀನುಗಾರನೊಬ್ಬ ಅದನ್ನು ಮೇಜಿಗೆ ಕುಟ್ಟಿದ,
ಬಾಕಿ ವಸೂಲಿಗೆ ಬಂದವನ ಹಾಗೆ.
ಕೊನೆಗೆ ಅಜ್ಜಿ ಕಿವಿ ಮುರಿದ ಕಾಫಿ ಬಟ್ಟಲಲ್ಲಿ ಉಪ್ಪು ಸುರಿದಿಟ್ಟಳು:
'ದೇವರು ಬೆರಳು ಕೊಟ್ಟದ್ದು ಯಾಕೆ?'

ದೆಯೊಲಿಂಡ ಬಂದಳು. ಏನೂ ತಿನ್ನಲಿಲ್ಲ.
ಮೂರು ಮಧ್ಯಾಹ್ನ ಮೂಲೆಯಲ್ಲಿ ಕೂತು ಕೈಗಳನ್ನೇ ನೋಡಿದಳು.
ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಕೊಕ್ಕಾಗುವುದು;
ಗಾರೆಯವನ ದಪ್ಪ ಕೊಕ್ಕು, ಮಗುವಿನ ಗುಬ್ಬಿಕೊಕ್ಕು;
ಸಿಟ್ಟು ಬಂದವರು ಉಪ್ಪನ್ನು ಎಸೆಯುವುದು.

ಅಭಿರುಚಿ ನಾಲಗೆಯದೋ ಕಣ್ಣಿನದೋ
ಬೆಂಕಿ ನೋಡುವವಳಿಗೆ ಯಾಕೆ?
ಕಣ್ಣಳತೆಗೆ ಒಪ್ಪಿದ್ದು ಕೈಯಳತೆಗೆ ತಪ್ಪಬಹುದು,
ಅಷ್ಟು ಗೊತ್ತು.

ಹೊಸ ಬಟ್ಟಲು ಕೆಂಪು ಮಣ್ಣಿನದು, ಮೂರು ಬೆರಳು ಆಡುವಷ್ಟು ಅಗಲ.
ಬೆಕ್ಕು ತಳ್ಳಿದರೂ ಉರುಳದಷ್ಟು ತಳ ಭಾರ.
ಒಳಗೆ ಮೆರುಗಿಲ್ಲ, ತೇವವನ್ನು ಮಣ್ಣೇ ಕುಡಿಯಲಿ ಎಂದು.
ಒಂದೊಂದಕ್ಕೂ ಕಾರಣ ಕೇಳಿದೆ, ಒಂದೊಂದಕ್ಕೂ ಹೇಳಿದಳು.
'ಮತ್ತೆ ಈ ಅಂಚು? ಒಂದು ಕಡೆ ಕೂದಲೆಳೆಯಷ್ಟು ತಗ್ಗು?'
ಬ್ರಷ್ ತೊಳೆಯುತ್ತ ನಿಂತಳು.
ನೀರು ತಿಳಿಯಾಗುವವರೆಗೂ ತೊಳೆದಳು.
'ಅದು ಹಾಗೇ ಇರಬೇಕು.'

ಮಾಲೀಕ ಅಮಾಂದಿಯು ಒಪ್ಪದೆ
ಅಂಚು ನೆಟ್ಟಗಿರುವ ಇನ್ನೊಂದು ಮಾಡಿಸಿದ.
ಎರಡನ್ನೂ ಪಕ್ಕಪಕ್ಕ ಇಟ್ಟೆವು. ಯಾವ ತಪ್ಪೂ ಇರಲಿಲ್ಲ ಅದರಲ್ಲಿ;
ಉಪ್ಪಿಲ್ಲದ ಸಾರಿನ ಹಾಗೆ ಕೂತಿತ್ತು.
ಅಮಾಂದಿಯು ಎರಡು ಸಲ ಕೆಮ್ಮಿದ.
ತಗ್ಗೇ ಉಳಿಯಿತು.

ಈಗ ಅಜ್ಜಿಯ ಅಂಗಡಿಯಲ್ಲಿ ಆರು ಬಟ್ಟಲಿವೆ.
ಐದರಲ್ಲಿ ತಿಂದುಗುಳಿದ ಆಲಿವ್ ಬೀಜ,
ಆರನೆಯದರಲ್ಲಿ ಉಪ್ಪು.
'ನಿನ್ನ ಬಟ್ಟಲು ವಾಲಿದೆಯಲ್ಲೇ' ಅಂದಳು ಒಮ್ಮೆ.
'ಹೌದು' ಅಂದಳು ದೆಯೊಲಿಂಡ.
ಅಜ್ಜಿ ಅದರ ತಗ್ಗಿದ ಬದಿಯನ್ನು
ಗಿರಾಕಿಯತ್ತ ತಿರುಗಿಸಿಟ್ಟು
ಕೆಂಡದ ಮೇಲಿನ ಮೀನು ಮಗುಚಲು ಹೋದಳು.