ಮಸಿ ಬಳಿಯುವ ಕೆಲಸ

ನಮ್ಮಲ್ಲಿ ಮುಖಕ್ಕೆ ಮಸಿ ಬಳಿಸಿಕೊಂಡವರು
ಮತ್ತೆ ಬೀದಿಗೆ ಬರುವುದು ಕಷ್ಟ.
ಇಲ್ಲಿ, ಸ್ವಾನ್‌ಸಿಯಲ್ಲಿ, ಒಂಬತ್ತರಿಂದ ಐದರವರೆಗೆ
ಗಾಜಿನ ಮುಖಕ್ಕೆ ಮಸಿ ಬಳಿಯಲೆಂದೇ ನನಗೆ ಸಂಬಳ.

ತಾಮ್ರ, ಸತು, ತವರ.
ಮೂರರ ಉಪ್ಪನ್ನೂ ಎಣ್ಣೆಯಂಥದೊಂದರಲ್ಲಿ ಕಲಸಿ
ಗಾಳಿ ಸೋಕದ ಹಾಗೆ ಬುರುಡೆಯಲ್ಲಿ ಕಾಯಿಸಬೇಕು.
ಇನ್ನೂರಿಪ್ಪತ್ತೈದು ಮುಟ್ಟಿದ ಗಳಿಗೆಗೆ
ಸೂಜಿಯಲ್ಲಿ ಗಂಧಕ.
ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಅನ್ನಲಾರೆ,
ಸದ್ದೇ ಇಲ್ಲ.
ಹಳದಿಯಿದ್ದದ್ದು ರೆಪ್ಪೆ ಬಡಿಯುವಷ್ಟರಲ್ಲಿ ಕಪ್ಪು.
ಒಂದು ರಾಗಿಕಾಳಿನ ಅಗಲಕ್ಕೆ
ಲಕ್ಷ ಕಣ ಸಾಲು ನಿಲ್ಲುವಷ್ಟು ನುಣ್ಣನೆ ಕಪ್ಪು.

ಆ ಕಣಗಳನ್ನು ತೇಲಿಸಿಡುವ ದ್ರವಕ್ಕೆ
ಕೊಳೆತ ಈರುಳ್ಳಿಯ ನಾತ.
ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ.

'ತವರ' ಎಂದರೇನೆಂದು ಕೇಳಿದಳು
ಟೆಕ್ನಿಷಿಯನ್ ಗ್ಲೆನಿಸ್ ಪ್ರೋಸರ್.
ಈ ಲೋಹವೇ. ರಕಾರಕ್ಕೊಂದು ಕೊಂಬು ಕೊಟ್ಟರೆ
ಹೆಂಗಸು ಹುಟ್ಟಿದ ಮನೆ, ಎಂದೆ.
'ಕೊಂಬೇ? ನಮ್ಮಲ್ಲಿ ಅದಿರುವುದು ಟಗರಿಗೆ'
ಎಂದು ನಕ್ಕು, ಕುಲುಮೆಯ ಬಾಗಿಲು ಹಾಕಿದಳು.
ಬಿಸಿ ಒಂದಿಷ್ಟು ಮೀರಿದರೆ
ಪದರ ಬಿಟ್ಟು ಮೊದಲು ಎದ್ದು ಹೋಗುವುದು ಈ ತವರವೇ.
ಅದನ್ನು ಕೂರಿಸಿಕೊಳ್ಳಲು ಎರಡು ವರ್ಷ ಹಿಡಿಯಿತು ನಮಗೆ.

ಅವಳಜ್ಜಿ ತಗಡಿನ ಕಾರ್ಖಾನೆಯಲ್ಲಿದ್ದವಳು.
ಒಂದರ ಮೇಲೊಂದು ಬೆಂದು ಅಂಟಿದ ಹಾಳೆಗಳನ್ನು
ಚರ್ಮದ ಕೈಗವಸು ತೊಟ್ಟು ಬಡಿದು ಬಿಡಿಸುತ್ತಿದ್ದಳಂತೆ,
ದಿನವಿಡೀ, ನಿಂತೇ.
'ನಾನು ನೋಡು, ಬಿಟ್ಟುಬರುವುದನ್ನು ಅಂಟಿಸುತ್ತ ಕೂತಿದ್ದೇನೆ.'

ಬಿಟ್ಟುಬರುತ್ತದೆ, ನಿಜ.
ಒಂದೇ ಸಲ ದಪ್ಪಗೆ ಎಳೆದರೆ
ಒಣಗುತ್ತ ಹಿಮ್ಮಡಿಯ ಹಾಗೆ ಸೀಳುತ್ತದೆ.
ತೆಳ್ಳಗೆ ಬಳಿದು, ಆರಲು ಬಿಟ್ಟು,
ಮತ್ತೆ ತೆಳ್ಳಗೆ. ಒಂಬತ್ತು ಸಲ.
ನಲವತ್ತು ಗಾಜು ಕಸದ ಡಬ್ಬಿ ಸೇರಿದವು.
ನಲವತ್ತೊಂದನೆಯದು ಸುಳ್ಳು ಸೂರ್ಯನ ಕೆಳಗೆ,
ಅಂದರೆ ಆ ದುಬಾರಿ ದೀಪದ ಕೆಳಗೆ,
ನೂರಕ್ಕೆ ಮೂರು ಮುಕ್ಕಾಲು ಕೊಟ್ಟಿತು.
ಯಾರೂ ಚಪ್ಪಾಳೆ ತಟ್ಟುವ ಅಂಕಿಯಲ್ಲ.
ಬರೆದುಕೊಂಡೆ.

ನವೆಂಬರದ ಆ ಶುಕ್ರವಾರ ಗ್ಲೆನಿಸಳ ಕೊನೆಯ ದಿನ.
ಕೇಕಿನ ತಟ್ಟೆ ಖಾಲಿಯಾಗಿ, ಎಲ್ಲರೂ ಹೋಗಿ ಆದ ಮೇಲೆ
ಮೂರೂವರೆಗೆ ಮೋಡದ ಕೆಳಗಿಂದ
ನಿಜವಾದದ್ದೇ ಹೊರಟುಬಂತು,
ಟಾವೆ ನದಿಯಾಚೆ
ತಾಮ್ರ ಕರಗಿಸುವುದನ್ನು ಎಂದೋ ನಿಲ್ಲಿಸಿದ ಚಿಮಣಿಯ ಮೇಲೆ.
ಗಾಜನ್ನು ಕಿಟಕಿಗೊರಗಿಸಿ
ಹಳೆಯ ಮುಳ್ಳಿನ ಮೀಟರಿಗೆ ತಂತಿ ಕಚ್ಚಿಸಿದಳು.
ಮುಳ್ಳು ಎದ್ದಿತು.
ಅಂಗೈ ಅಡ್ಡ ಹಿಡಿದಳು, ಬಿದ್ದಿತು.
ತೆಗೆದಳು.
ಮತ್ತೆ ಹಿಡಿದಳು, ಮತ್ತೆ ತೆಗೆದಳು,
ಸ್ವಿಚ್ಚು ಸಿಕ್ಕ ಮಗುವಿನ ಹಾಗೆ,
ಬೆಳಕು ಮುಗಿಯುವವರೆಗೆ.
'ಸರಿ' ಎಂದು ಕೋಟು ತೊಟ್ಟುಕೊಂಡಳು.

ಬಸ್ಸು. ಪಕ್ಕದ ಸೀಟು ಇವತ್ತೂ ಖಾಲಿ.
ಬೀದಿದೀಪ ಬಂದಾಗ
ಉಗುರಿನ ಸಂದಿಯ ಮಸಿ ಕಾಣುತ್ತದೆ.
ದಾಟಿದರೆ, ಇಲ್ಲ.
ಮುಂದಿನ ದೀಪಕ್ಕೆ, ಮತ್ತೆ.