ನಾಲ್ಕು ಬಡಿದು ಒಂದು ನುಂಗಿ

ಹನ್ನೊಂದು ನಿಮಿಷದ ಸಿನಿಮಾ.
ಕತೆ ನಮ್ಮದಲ್ಲ, ಹಡಗು ಹತ್ತಿ ಬಂದದ್ದು:
ಮುದುಕನೊಬ್ಬನ ಬೆಳ್ಳಗಾದ ಕಣ್ಣಿಗೆ ಹೆದರಿ
ಅವನನ್ನು ಕೊಂದು ನೆಲದ ಹಲಗೆಯಡಿ ಮುಚ್ಚಿದವನು
ಹಲಗೆಯಡಿಯಿಂದ ಎದೆ ಬಡಿಯುವುದು ಕೇಳಿ ಕೇಳಿ
ಪೊಲೀಸರ ಮುಂದೆ ತಾನೇ ಬಾಯಿಬಿಟ್ಟದ್ದು.

ಮಿಲ್ಟನ್‌ಗೆ ಇದು ಬಾಯಿಪಾಠ.
ಬೈತಖೋಲದ ಬೀಗ ಬಿದ್ದ ಐಸ್ ಫ್ಯಾಕ್ಟರಿಯನ್ನು
ಎರಡು ರಾತ್ರಿಗೆ ಬೇಡಿ ತಂದ.
ಕೊಲೆಗಾರ, ಕಾಜುಬಾಗದ ಇಮ್ತಿಯಾಜ್; ಹಗಲು ಮೊಬೈಲ್ ರಿಪೇರಿ.
ಮುದುಕನಿಗೆ ಮೇಕಪ್ಪೇ ಬೇಕಾಗಲಿಲ್ಲ.
ಧಕ್ಕೆಯ ಮೇಲೆ ಬಲೆ ಹೊಲಿಯುತ್ತ ಕೂತಿದ್ದ
ಶಾಣು ತಾಂಡೇಲನ ಎಡಗಣ್ಣು
ಬೆಂದ ಬಂಗುಡೆಯ ಕಣ್ಣು ಇರುತ್ತದಲ್ಲ, ಹಾಗಿತ್ತು.

"ನನ್ನ ಕೆಲಸ ಏನು?"
"ಸಾಯೋದು ಮಾಮಾ. ಆಮೇಲೆ ಸುಮ್ನೆ ಮಲಗಿರೋದು."
"ಸಂಬಳ?"
"ಐನೂರು. ಮೇಲೆ ಊಟ."
"ಸತ್ತವನಿಗೆ ಇಷ್ಟು ಯಾರೂ ಕೊಟ್ಟಿಲ್ಲ ಬಿಡು."

ನಾನು ಸದ್ದಿನವಳು.
ಬಾಡಿಗೆ ಮೈಕು, ತಮ್ಮನ ಹೆಡ್‌ಫೋನು.
ಮೊದಲು ಅವನ ಎದೆಗೇ ಮೈಕು ಹಚ್ಚಿದೆ.
ಬನಿಯನ್ನಿನ ಸರಬರ, ಬೀಡಿಯ ಕಫ,
ಎಲ್ಲೋ ದೂರ ಯಾರೋ ಒದ್ದೆ ಬಟ್ಟೆ ಕೊಡವಿದಂತೆ
ಒಂದು ಸಪ್ಪೆ ದಬದಬ.
ನಿಜವಾದ ಹೃದಯ ಸಿನಿಮಾಕ್ಕೆ ಸಾಲುವುದಿಲ್ಲ.

ಸಿಕ್ಕಿದ್ದು ಸುಂಕೇರಿಯಲ್ಲಿ, ಗಜನಿಯ ದಂಡೆಯ ಮೇಲೆ.
ಸಿಗಡಿ ಕೆರೆಗೆ ಗಾಳಿ ತುಂಬುತ್ತಿದ್ದ ಹಳೇ ಬೋಟಿನ ಎಂಜಿನ್,
ತಲೆಗೆ ತಗಡು, ಮೈತುಂಬ ಉಪ್ಪಿನ ತುಕ್ಕು.
ನಾಲ್ಕು ಬಡಿದು ಒಂದು ನುಂಗುತ್ತಿತ್ತು.
ನಾಲ್ಕು ಬಡಿದು
ಒಂದು ನುಂಗಿ
ಮತ್ತೆ ನಾಲ್ಕು.
ಆ ನುಂಗಿದ ಒಂದರಲ್ಲಿ ನನ್ನ ಎದೆಯೂ ನಿಂತು ಕಾಯುತ್ತಿತ್ತು.
ಅರ್ಧ ತಾಸು ಹಿಡಿದೆ. ಮನೆಗೆ ತಂದು ವೇಗ ಇಳಿಸಿ,
ಕಂಬಳಿ ಹೊದಿಸಿದ ಹಾಗೆ ಮಂಕು ಮಾಡಿ
ಹಲಗೆಯಡಿ ಇಟ್ಟೆ.

ತೋರಿಸಿದ್ದು ಬಲೆಯ ಶೆಡ್ಡಿನಲ್ಲಿ,
ಎರಡು ಬಿಳಿ ಲುಂಗಿ ಸೇರಿಸಿ ಹೊಲಿದ ಪರದೆಯ ಮೇಲೆ.
ಬುಟ್ಟಿ ಬೋರಲು ಹಾಕಿ ಕೂತ ಮೀನಿನ ಹೆಂಗಸರು
ಶಾಣು ಸಾಯುವಾಗ ಹೋ ಎಂದು ನಕ್ಕರು.
ಹಲಗೆ ಮುಚ್ಚಿತು. ಬಡಿತ ಶುರುವಾಯಿತು.
ನಗು ಒಂದೊಂದೇ ಬಾಯಿಂದ ಆರುತ್ತ ಬಂತು.
ಪರದೆಯ ಮೇಲೆ ಇಮ್ತಿಯಾಜ್ ಬೆವರುತ್ತಿದ್ದ.
ಪರದೆಯ ಈಚೆ ಎದ್ದು ನಿಂತವನು ಸತ್ತವನು.

"ಇದು ನನ್ನ ಎದೆಯಲ್ಲ," ಅಂದ.
"ಇದು ವಿಠೂನ ಬೋಟು."
ಕೂಡ್ರು ಮಾರಾಯ, ಅಂದರು ಯಾರೋ.
"ಒಂದೇ ಬಲೆಗೆ ಎರಡು ಬೋಟು ನಾವು.
ಆ ಗಾಳಿಯ ರಾತ್ರಿ ನಾನು ಹಗ್ಗ ಕೊಯ್ದಾಗ
ಅವನ ಎಂಜಿನ್ ನಿಂತುಹೋಗಿತ್ತು ಅಂದಿದ್ದೆ,
ದ್ವಾರಕಿಗೆ. ಸೊಸೈಟಿಗೆ. ದೇವರ ಮುಂದೆ ತೆಂಗಿನಕಾಯಿ ಮುಟ್ಟಿ.
ನಿಂತಿರಲಿಲ್ಲ.
ಕೂರ್ಮಗಡ ದಾಟುವ ತನಕ ಕೇಳ್ತಾ ಇತ್ತು, ಹೀಗೇ,
ನಾಲ್ಕು ಬಡಿದು..."
ಉಳಿದ ಒಂದನ್ನು ಅವನು ನುಂಗಿದ.

ಎರಡನೇ ಸಾಲಿನ ದ್ವಾರಕಿ ತಲೆ ಎತ್ತಲಿಲ್ಲ.
ಬುಟ್ಟಿಗೆ ಒಣಗಿ ಅಂಟಿದ ಮೀನಿನ ಹುರುಪೆಯನ್ನು
ಉಗುರಿನಿಂದ ಕೆರೆಯುತ್ತಿದ್ದಳು.
ಶೆಡ್ಡಿನಲ್ಲಿ ಆಮೇಲೆ ಅದೊಂದೇ ಸದ್ದು.
ಮಿಲ್ಟನ್ ನನ್ನ ಕಡೆ ನೋಡಿದ.
ನನ್ನ ಮಡಿಲಲ್ಲಿ ರೆಕಾರ್ಡರಿನ ಕೆಂಪು ದೀಪ
ಉರಿಯುತ್ತಿತ್ತೋ ಇಲ್ಲವೋ,
ಇದುವರೆಗೆ ನಾನು ಯಾರಿಗೂ ಹೇಳಿಲ್ಲ.

ಮರುದಿನ ಶಾಣು ಸುಂಕೇರಿಗೆ ನಡೆದ.
ದಾರಿ ತೋರಿಸಿದವಳು ನಾನೇ.
ತಗಡಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು
ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು
ಎಷ್ಟೋ ಹೊತ್ತು ಕೇಳಿದ.
ಆಮೇಲೆ ಕೆರೆ ಕಾಯುವ ಹುಡುಗನಿಗೆ ಕೈಮುಗಿದು,
"ಒಂದು ಚೂರು ನಿಲ್ಲಿಸ್ತೀಯಾ?"

ಹುಡುಗ ಡೀಸೆಲ್ ಕ್ಯಾನು ಕೆಳಗಿಟ್ಟು ನಕ್ಕ.
"ನಿಲ್ಸಿದ್ರೆ ಸಿಗಡಿ ಸಾಯ್ತವೆ ಮಾಮಾ."