ಕಳೆಯುವ ಲೆಕ್ಕ

ಚಳ್ಳಕೆರೆಯಾಚೆ, ಕಾವಲಿನ ಒಣಹುಲ್ಲಿನ ಮೇಲೆ
ಎರಡು ಗಂಟೆಯ ಬಿಸಿಲು.
ದಾದಾಪೀರ್ ಹಳೇ ಲಾರಿ ಎಂಜಿನ್ನು ಗುಟುರು ಹಾಕಿಸಿ
ಹಗ್ಗ ಸುತ್ತಿದ, ಗಾಳಿಪಟದ ಹಾಗೆ ಎದ್ದೆವು.
ಮೇಲೆ ಹಗ್ಗ ಕಳಚಿತು.
ಆಮೇಲೆ ಎಂಜಿನ್ನೂ ಇಲ್ಲ, ಮಾತೂ ಇಲ್ಲ.

ಏರುವುದು ನನಗೆ ಬರುತ್ತಿತ್ತು.
ಹದ್ದು ಸುತ್ತುವಲ್ಲಿ ನೀನೂ ಸುತ್ತು, ಅಷ್ಟೇ.
ಉತ್ತ ಹೊಲದ ಕಾವು ತಾನಾಗಿ ಎತ್ತಿಕೊಳ್ಳುತ್ತದೆ,
ಕೇಳದೆಯೇ ಕೂಸನ್ನು ಕಸಿದುಕೊಳ್ಳುವ
ಸೋದರತ್ತೆಯ ಹಾಗೆ.

ಇವತ್ತು ಬಿಡುತ್ತಿಲ್ಲ ಅತ್ತೆ.
ನೆತ್ತಿಯ ಮೇಲೆ ಹೊಟ್ಟೆ ಕಪ್ಪಾದ ಮೋಡ,
ಮೂಗು ತಗ್ಗಿಸಿದರೂ ಮುಳ್ಳು ಮೇಲಕ್ಕೇ.
ಆರು ಸಾವಿರ. ಆರೂವರೆ.

ಹಿಂದಿನ ಸೀಟಿನಲ್ಲಿ ಜಗಳೂರಯ್ಯ ಮೇಷ್ಟ್ರು
ಎಲೆಯಡಿಕೆ ದವಡೆಗೆ ಒತ್ತಿಕೊಂಡು:
"ಏರಾಕೆ ಬರದೆ ಯಾರೂ ಸತ್ತಿಲ್ಲ ಕಣವ್ವ.
ನೀಲಿ ಹಿಡಿ ಎಳಿ."

ಎಳೆದೆ. ರೆಕ್ಕೆಗಳ ಬೆನ್ನ ಮೇಲೆ
ಎರಡು ಹಲಗೆ ಎದ್ದು ನಿಂತವು.
ಹೊಸ ಕೋರಾ ಬಟ್ಟೆ ಹರಿದಂತೆ ಗಾಳಿ.
"ಈಗ ಹದ್ದಿಲ್ಲದ ಕಡೆ ಹೋಗು."

ಮೂರನೇ ತರಗತಿಗೆ ಲೆಕ್ಕ ಹೇಳುವವಳು ನಾನು.
ಕೂಡುವುದನ್ನು ಮಕ್ಕಳು ಕುಣಿಯುತ್ತ ಕಲಿಯುತ್ತಾರೆ.
ಕಳೆಯುವಾಗ, ಪಕ್ಕದ ಮನೆಯಿಂದ ಹತ್ತು ಸಾಲ ತಾ ಎಂದರೆ
ಸಣ್ಣಪಾಲಯ್ಯ ಕೈಯೆತ್ತುತ್ತಾನೆ:
ತಿರುಗಿ ಯಾವಾಗ ಕೊಡೋದು ಟೀಚರ್?

ಕೆರೆಯ ಮೇಲೆ ಗಾಳಿ ತಣ್ಣಗೆ ಕುಸಿಯುತ್ತಿತ್ತು.
"ವಾಲಿಸು. ಇನ್ನೂ. ಹೆದರಿದ್ದು ಸಾಕು, ಇನ್ನೂ.
ನೆಲ ನೋಡಬ್ಯಾಡ, ವೇಗ ನೋಡು."
ಕೆನ್ನೆ ಜೋತುಬಿತ್ತು, ಕೈ ಮಣಭಾರ,
ಕಿಟಕಿಯಲ್ಲಿ ಕೆರೆ
ರಾಗಿಕಲ್ಲಿನ ಹಾಗೆ ಗರಗರ.
ಐದು. ನಾಲ್ಕು. ಕಿವಿಯೊಳಗೆ ಪಟ್ ಎಂದಿತು.
ಮೂರು ಸಾವಿರಕ್ಕೆ ಬಂದಾಗ ಉಸಿರು ಬಿಟ್ಟೆ,
ಎಲ್ಲಿಂದ ಹಿಡಿದಿದ್ದೆನೋ.

ಕಳೆದುಕೊಳ್ಳುವುದು ಬೇರೆ, ಕಳೆಯುವುದು ಬೇರೆ.
ಒಂದು ಕೈ ಜಾರಿ ಆಗುವುದು,
ಇನ್ನೊಂದು ಕೈಯಾರೆ.
ಇದನ್ನು ಮೇಷ್ಟ್ರು ಹೇಳಲಿಲ್ಲ. ಬೋರ್ಡಿಗೆ ಬರೆಯುವಾಗ
ನಾನೂ ಯಾವತ್ತೂ ಯೋಚಿಸಿರಲಿಲ್ಲ.

ಮೈದಾನ ಎದುರು ಬಂದರೆ, ಇನ್ನೂ ಎತ್ತರ ಹೆಚ್ಚು.
"ಕೋಲು ಎಡಕ್ಕೆ, ಕಾಲು ಬಲಕ್ಕೆ."
ಗಾಜಿಗೆ ಅಂಟಿಸಿದ ಕರಿಯುಣ್ಣೆಯ ಎಳೆ,
ಅವರ ಕಂಬಳಿಯಿಂದಲೇ ಕಿತ್ತದ್ದು,
ಅಡ್ಡಡ್ಡ ಮಲಗಿತು.
ಶೇಂಗಾ ಮೂಟೆ ಹೊತ್ತವನು ಬಸ್ಸಿನ ಬಾಗಿಲಲ್ಲಿ
ಒಂದು ಭುಜ ಮುಂದೆ ಮಾಡಿ ತೂರುವಂತೆ
ಓರೆಯಾಗಿ ಇಳಿದೆವು.
ಕೊನೆಗೆ ನೆಟ್ಟಗೆ. ಕೊನೆಗೆ ಹುಲ್ಲಿನ ಸರಸರ.

ನಿಂತಿತು. ಬಲರೆಕ್ಕೆ ನಿಧಾನ ನೆಲಕ್ಕೆ ಒರಗಿತು.
ನೀರಿನ ಕ್ಯಾನು ಹಿಡಿದು ದಾದಾಪೀರ್ ಓಡಿ ಬರುತ್ತಿದ್ದ.
ಎತ್ತರದ ಮುಳ್ಳು ಮಾತ್ರ
ಹತ್ತೊಂಬತ್ತು ನೂರು ಅಡಿಯಲ್ಲೇ ನಿಂತಿತ್ತು.
ಬೆರಳಲ್ಲಿ ತಟ್ಟಿದೆ. ಅಲುಗಲಿಲ್ಲ.
"ಇದು, ಮೇಷ್ಟ್ರೇ?"

"ಅದಾ? ಸಮುದ್ರದ ಬಾಕಿ. ಇಡೀ ಚಳ್ಳಕೆರೇದು.
ನಮ್ಮ ಕಾಲಕ್ಕೆ ತೀರಂಗಿಲ್ಲ ಬುಡು,"
ಎಂದು ಗಾಜು ತೆರೆದು
ಎಲೆಯಡಿಕೆ ಉಗಿದರು.